ಒಂಬತ್ತು ತಿಂಗಳ ಮಗಳು 7.2 ಕೆಜಿ, ಎಲ್ಲರೂ ಪೀಚು ಅನ್ನುತ್ತಾರೆ. ಡಬ್ಬಿ ಪೌಡರ್ ತರಲಾ?

ಪುಟ್ಟಿಯ ಅಮ್ಮ, ಅರಸೀಕೆರೆ

ಅಕ್ಕಂದಿರೇ, ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ನನ್ನ ಮಗಳಿಗೆ ಮೊನ್ನೆ ಮಂಗಳವಾರ ಒಂಬತ್ತು ತಿಂಗಳು ತುಂಬಿತು. ಹುಟ್ಟಿದಾಗ 2.6 ಕೆಜಿ ಇದ್ದಳು. ಮೂರು ತಿಂಗಳಿಗೆ 5, ಆರಕ್ಕೆ 6.4, ಈಗ 7.2. ಆರು ತಿಂಗಳವರೆಗೆ ಬರೀ ಎದೆಹಾಲು ಕೊಟ್ಟೆ. ಆಮೇಲೆ ಊಟ ಶುರು ಮಾಡಿದೆ. ಚುರುಕಾಗಿದ್ದಾಳೆ. ಅಂಬೆಗಾಲಿಟ್ಟು ಅಡುಗೆಮನೆವರೆಗೂ ಬರುತ್ತಾಳೆ, ಮಂಚದ ಕಾಲು ಹಿಡಿದು ನಿಲ್ಲುತ್ತಾಳೆ.

ಎದುರುಮನೆಯಲ್ಲಿ ಇವಳಿಗಿಂತ ಹತ್ತು ದಿನ ದೊಡ್ಡ ಗಂಡುಮಗು ಇದೆ. 10.8 ಕೆಜಿ. ಕೆನ್ನೆ, ತೊಡೆ ಎಲ್ಲ ಗುಂಡುಗುಂಡು. ಇಬ್ಬರನ್ನೂ ಜಗಲಿ ಮೇಲೆ ಕೂರಿಸಿದರೆ ಬಂದವರೆಲ್ಲ "ಯಾಕೆ, ಇವಳಿಗೆ ಹಾಲು ಸಾಲ್ತಿಲ್ವಾ?" ಅಂತ ನನ್ನನ್ನೇ ಕೇಳುತ್ತಾರೆ. ನಮ್ಮತ್ತೆಗೆ ಮೊಮ್ಮಗಳೆಂದರೆ ಪ್ರಾಣ. ಆದರೆ ಅವರೂ ದಿನಾ "ಪೀಚು, ಪೀಚು" ಅಂದಾಗ ನನಗೆ ತಡೆಯಲು ಆಗುವುದಿಲ್ಲ. ರಾತ್ರಿ ಮಗುವಿನ ಪಕ್ಕೆ ಮುಟ್ಟಿ ನೋಡಿ ಅಳುತ್ತೇನೆ.

ಈಗ ಬೆಳಿಗ್ಗೆ ತೆಳ್ಳಗೆ ರಾಗಿ ಗಂಜಿ. ಮಧ್ಯಾಹ್ನ ಬೇಳೆ ಕಟ್ಟಿನಲ್ಲಿ ಕಿವುಚಿದ ಅನ್ನ, ನಾಲ್ಕು ಚಮಚ. ಸಂಜೆ ಹಸುವಿನ ಹಾಲಲ್ಲಿ ನೆನೆಸಿದ ಎರಡು ಬಿಸ್ಕತ್ತು. ನಡುವೆ ಎದೆಹಾಲು. ಬಾಯಿ ಬಿಡುವುದಿಲ್ಲ ಅಂತ ಮೊಬೈಲ್ ಹಾಕಿ ತಿನ್ನಿಸುತ್ತೇನೆ. ಒಂದೊಂದು ಸಲ ಮುಕ್ಕಾಲು ಗಂಟೆ ಆಗುತ್ತದೆ.

ಔಷಧಿ ಅಂಗಡಿಯವರು ತೂಕ ಬರುತ್ತದೆ ಅಂತ ಹಾಲಿನ ಪೌಡರ್ ಡಬ್ಬಿ ತೋರಿಸಿದರು. ತರಲಾ? ಎದೆಹಾಲು ಬಿಡಿಸಿದರೆ ಊಟ ಜಾಸ್ತಿ ಮಾಡುತ್ತಾಳೆ ಅಂತಲೂ ಹೇಳುತ್ತಾರೆ. ನಿಜವಾ?

ಅಂಗನವಾಡಿ ಟೀಚರ್, ತಿಪಟೂರು ಕಡೆ

ತಂಗಿ, ಮೊದಲು ಕಣ್ಣೊರೆಸಿಕೊಳ್ಳಿ. 24 ವರ್ಷದಿಂದ ಮಕ್ಕಳ ತೂಕ ನೋಡುತ್ತಿದ್ದೇನೆ. ತೊಲೆಗೆ ನೇತುಹಾಕುವ ತಕ್ಕಡಿ ಇದ್ದ ಕಾಲದಿಂದ, ಈಗ ಮೊಬೈಲಿನಲ್ಲಿ ಬರೆದುಕೊಳ್ಳುವ ಕಾಲದವರೆಗೆ.

ನಿಮ್ಮ ತಾಯಿ ಕಾರ್ಡ್ ತೆಗೆಯಿರಿ. ಅದರಲ್ಲಿ ಬೆಳವಣಿಗೆಯ ಪಟ್ಟಿ ಇರುತ್ತದೆ. ಹೆಣ್ಣುಮಕ್ಕಳದು ಗುಲಾಬಿ, ಗಂಡುಮಕ್ಕಳದು ನೀಲಿ. ನೀವು ಬರೆದ ನಾಲ್ಕೂ ತೂಕವನ್ನು ನಾನು ಇಲ್ಲಿ ಒಂದು ಹಾಳೆಯಲ್ಲಿ ಗುರುತು ಹಾಕಿದೆ. ನಾಲ್ಕೂ ಹಸಿರು ಪಟ್ಟೆಯಲ್ಲೇ, ಅಂದರೆ ತೂಕ ಸರಿ ಇದೆ ಅನ್ನುವ ಜಾಗದಲ್ಲೇ, ಬಿದ್ದವು. ಸೇರಿಸಿ ಗೆರೆ ಎಳೆದರೆ ಕಾರ್ಡಿನ ಗೆರೆಯ ಜೊತೆಜೊತೆಗೇ ಮೇಲೆ ಹೋಗುತ್ತದೆ. ಒಂಬತ್ತು ತಿಂಗಳ ಹೆಣ್ಣುಮಗುವಿಗೆ ನಡುಗೆರೆ 8.2 ಕೆಜಿ. ಆದರೆ 6.5ರವರೆಗೂ ಹಸಿರೇ. ನಿಮ್ಮ ಮಗಳು ಸಣ್ಣಗೆ ಹುಟ್ಟಿದಳು, ತನ್ನ ದಾರಿ ಹಿಡಿದು ಬೆಳೆಯುತ್ತಿದ್ದಾಳೆ. ಗಂಡುಮಕ್ಕಳ ಲೆಕ್ಕವೇ ಬೇರೆ, ಅವರ ನಡುಗೆರೆ 8.9. ಎದುರುಮನೆಯ ಮಗು ಮೇಲಿನ ಗೆರೆಯ ಹತ್ತಿರ ಇದೆ. ಉದ್ದ ಅಳೆಯದೆ ಅದು ಚೆನ್ನಾಗಿದೆ ಅಂತಲೂ ಹೇಳಲಾರೆ, ಇಲ್ಲ ಅಂತಲೂ ಹೇಳಲಾರೆ.

ಹೊರದೇಶದ ಲೆಕ್ಕ ನಮ್ಮ ಮಕ್ಕಳಿಗೆ ಯಾಕೆ ಅಂತ ಕೆಲವರು ಕೇಳುತ್ತಾರೆ. ಈ ಪಟ್ಟಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಕೊಟ್ಟಿತು. ಆರು ದೇಶಗಳ ಮಕ್ಕಳನ್ನು ಅಳೆದು ಮಾಡಿದ್ದು. ಅದರಲ್ಲಿ ನಮ್ಮ ದೆಹಲಿಯ ಮಕ್ಕಳೂ ಇದ್ದರು.

ನಮ್ಮ ಊರಿನ ಒಂದು ಮಗುವಿನ ವಿಷಯ ಹೇಳುತ್ತೇನೆ. ದುಂಡಗಿತ್ತು, ಬೆಳ್ಳಗಿತ್ತು. ಎತ್ತಿಕೊಳ್ಳದವರೇ ಇಲ್ಲ. ಮನೆಯಲ್ಲಿ ಎರಡು ಹಸು. ಆರು ತಿಂಗಳಿಂದ ಮೂರು ಹೊತ್ತೂ ಸಕ್ಕರೆ ಹಾಕಿದ ಹಾಲಿನ ಬಾಟಲಿ. ಊಟ ಅಂದರೆ ಮುಖ ತಿರುಗಿಸುತ್ತಿತ್ತು. "ತೂಕ ಇದೆಯಲ್ಲ, ಬಿಡಿ" ಅಂದರು ಮನೆಯವರು. 14 ತಿಂಗಳಿಗೆ ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ ಬರೀ 7. ಹಾಲಿನಲ್ಲಿ ಕಬ್ಬಿಣದ ಅಂಶ ತೀರಾ ಕಡಿಮೆ, ಮತ್ತೆ ಹೊಟ್ಟೆ ತುಂಬಿಸಿ ಊಟದ ಜಾಗವನ್ನೂ ತಿಂದುಬಿಡುತ್ತದೆ. ನಾವು ಬೆಳ್ಳಗೆ ಅಂದುಕೊಂಡಿದ್ದು ರಕ್ತ ಇಲ್ಲದೆ ಬಿಳಿಚಿಕೊಂಡಿದ್ದು. ಅವತ್ತಿನಿಂದ ನಾನು ಯಾವ ಮಗುವಿನ ಕೆನ್ನೆ ನೋಡಿಯೂ ಮಾತಾಡುವುದಿಲ್ಲ. ತಾಯಿಯ ಹೊಟ್ಟೆಯಲ್ಲಿದ್ದಾಗ ಕೂಡಿಟ್ಟುಕೊಂಡ ಕಬ್ಬಿಣ ಆರು ತಿಂಗಳ ಹೊತ್ತಿಗೆ ಮುಗಿಯುತ್ತಾ ಬರುತ್ತದೆ. ಆಶಾ ಅಕ್ಕನ ಹತ್ತಿರ ಕಬ್ಬಿಣದ ಸಿರಪ್ ಕೇಳಿ. ವಾರಕ್ಕೆ ಎರಡು ಸಲ, ಸಲಕ್ಕೆ 1 ಎಂಎಲ್.

ಈಗ ನಿಮ್ಮ ಅಡುಗೆಗೆ ಬರುತ್ತೇನೆ, ಸರಿ ಮಾಡಬೇಕಾದ್ದು ಇರುವುದು ಅಲ್ಲಿ. ಗಂಜಿ ತೆಳ್ಳಗೆ, ಬೇಳೆ ಕಟ್ಟು, ಎರಡೂ ಹೆಚ್ಚುಕಡಿಮೆ ನೀರೇ ಅಲ್ವಾ? ಆ ಪುಟ್ಟ ಹೊಟ್ಟೆಯಲ್ಲಿ ಒಂದು ಸಲಕ್ಕೆ ಹಿಡಿಯುವುದೇ ಸುಮಾರು 200 ಎಂಎಲ್. ನೀರು ಕುಡಿಸಿದರೆ ಹೊಟ್ಟೆ ತುಂಬುತ್ತದೆ, ಮೈಗೆ ಏನೂ ಸೇರುವುದಿಲ್ಲ. ಚಮಚ ಓರೆ ಮಾಡಿದರೆ ಸುರಿದು ಹೋಗಬಾರದು, ಅಷ್ಟು ಗಟ್ಟಿ ಇರಲಿ. ಕಟ್ಟು ಬಿಡಿ, ಬೆಂದ ಬೇಳೆಯನ್ನೇ ಅನ್ನದ ಜೊತೆ ಕಿವುಚಿ. ಒಂದು ಚಮಚ ತುಪ್ಪ ಹಾಕಿ.

ರಾಗಿಗೆ ಒಂದು ಉಪಾಯ ಇದೆ. ಬರೀ ರಾಗಿ ಹಿಟ್ಟು ಸ್ವಲ್ಪ ಹಾಕಿದರೂ ಮುದ್ದೆಯಂತೆ ಗಟ್ಟಿಯಾಗುತ್ತದೆ. ಮಗು ನುಂಗಲಿ ಅಂತ ನಾವು ನೀರು ಸುರಿಯುತ್ತೇವೆ. ಅದರ ಬದಲು ರಾಗಿಯನ್ನು ಒಂದು ರಾತ್ರಿ ನೆನೆಸಿ, ಬಿಳಿ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ. ಸ್ವಲ್ಪವೇ ಹುರಿದು, ಬೀಸಿ, ತೆಳುಬಟ್ಟೆಯಲ್ಲಿ ಸೋಸಿ. ಇದೇ ರಾಗಿ ಸರಿ ಹಿಟ್ಟು. ಮೊಳಕೆ ಬಂದಾಗ ಹಿಟ್ಟಿನ ಪಿಷ್ಟ ಒಡೆಯುತ್ತದೆ. ಆಗ ಅದೇ ಬಟ್ಟಲಿನಲ್ಲಿ ಹಿಟ್ಟು ಜಾಸ್ತಿ ಹಾಕಿದರೂ ಗಂಜಿ ಮೃದುವಾಗಿಯೇ ಇರುತ್ತದೆ. ನಮ್ಮಜ್ಜಿಯರು ಇಷ್ಟು ಕಷ್ಟಪಟ್ಟು ರಾಗಿ ಸರಿ ಮಾಡುತ್ತಿದ್ದುದು ಸುಮ್ನೆ ಅಲ್ಲ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ. ಅಕ್ಕಿಯಲ್ಲಿ ಅದರ ಹತ್ತನೇ ಒಂದು ಭಾಗವೂ ಇಲ್ಲ.

ಚೆನ್ನಾಗಿ ಬೇಯಿಸಿದ ಮೊಟ್ಟೆ, ಸೊಪ್ಪು, ಕುಂಬಳಕಾಯಿ, ಬಾಳೆಹಣ್ಣು ಎಲ್ಲ ಕೊಡಬಹುದು. ಈ ವಯಸ್ಸಿಗೆ ದಿನಕ್ಕೆ ಮೂರ್ನಾಲ್ಕು ಸಲ, ಸಲಕ್ಕೆ ಅರ್ಧ ಬಟ್ಟಲು. ಬಿಸ್ಕತ್ತು ನಿಲ್ಲಿಸಿ. ಕುಡಿಯಲು ಹಸುವಿನ ಹಾಲು ಒಂದು ವರ್ಷದ ತನಕ ಬೇಡ. ಸಕ್ಕರೆ, ಉಪ್ಪು ಬೇಡ. ಜೇನುತುಪ್ಪ ಒಂದು ವರ್ಷದೊಳಗೆ ಬೇಡವೇ ಬೇಡ.

ಎದೆಹಾಲು ಬಿಡಿಸಬೇಡಿ, ಎರಡು ವರ್ಷ ತುಂಬುವವರೆಗೂ ಕೊಡಿ. ನಿಮ್ಮ ಹಾಲು ಇರುವಾಗ ಡಬ್ಬಿ ಯಾಕೆ? ಹಾಲಿನ ಪುಡಿಯ ಜಾಹೀರಾತನ್ನೇ ನಮ್ಮ ದೇಶದಲ್ಲಿ 1992ರ ಕಾನೂನು ನಿಲ್ಲಿಸಿದೆ, 2003ರಲ್ಲಿ ಅದನ್ನು ಇನ್ನೂ ಬಿಗಿ ಮಾಡಿದರು. ಹಾಲೇ ಇಲ್ಲದ ತಾಯಿಗೆ ಡಾಕ್ಟರ್ ಬರೆದುಕೊಡುವುದು ಬೇರೆ ಮಾತು. ಅಂಥ ತಾಯಂದಿರನ್ನು ಯಾರೂ ನೋಯಿಸಬೇಡಿ.

ಮೊಬೈಲ್ ಬದಿಗಿಡಿ. ತಲೆ ತಿರುಗಿಸಿದರೆ ಸಾಕು ಅಂತ ಅರ್ಥ, ಅಲ್ಲಿಗೆ ನಿಲ್ಲಿಸಿ. ಅರ್ಧ ಗಂಟೆ ಮೀರಿ ಕೂರಬೇಡಿ.

ಎರಡು ತಿಂಗಳು ತೂಕ ಏರದೇ ಇದ್ದರೆ, ಇಳಿದರೆ, ಪಾದ ಊದಿಕೊಂಡರೆ, ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಮಾತ್ರ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಜಿಲ್ಲಾಸ್ಪತ್ರೆಯಲ್ಲಿ ಅಪೌಷ್ಟಿಕ ಮಕ್ಕಳಿಗೆ ಅಂತಲೇ ವಾರ್ಡು ಇರುತ್ತದೆ.

ಮಗನ ಅಪ್ಪ, ಮೈಸೂರು

ನನ್ನದು ನಿಮ್ಮ ಎದುರುಮನೆಯಂಥದೇ ಕಥೆ. ಎಲ್ಲರೂ ಎತ್ತಿ ಮುದ್ದಾಡುತ್ತಿದ್ದ ಗುಂಡು ಮಗು ನಮ್ಮದೂ.

ಹೆಂಡತಿ ಬೇಗ ಕೆಲಸಕ್ಕೆ ಹೋಗಬೇಕಾಯಿತು. ಎರಡೂವರೆ ತಿಂಗಳಿಗೆ ಡಬ್ಬಿ ಹಾಲು ಶುರುವಾಯಿತು. ಗಟ್ಟಿ ಇರಲಿ ಅಂತ ಹೇಳಿದ್ದಕ್ಕಿಂತ ಒಂದು ಅಳತೆ ಜಾಸ್ತಿ ಹಾಕುತ್ತಿದ್ದೆವು. ಅತ್ತರೆ ಬಾಟಲಿ, ನಿದ್ದೆಗೆ ಬಾಟಲಿ. ಉಳಿಸಿದರೆ ಕುಲುಕಿ ಮತ್ತೆ ಬಾಯಿಗೆ. ಒಂದು ವರ್ಷಕ್ಕೆ 12.5 ಕೆಜಿ ಇದ್ದ. ಅಮ್ಮ ದಿನಾ ದೃಷ್ಟಿ ತೆಗೆಯುತ್ತಿದ್ದರು. ಮೂರು ವರ್ಷದವರೆಗೂ ರಾತ್ರಿ ಸಿಹಿ ಹಾಲಿನ ಬಾಟಲಿ ಬಿಡಲಿಲ್ಲ. ಮುಂದಿನ ಹಲ್ಲೆಲ್ಲ ಹುಳುಕಾಯಿತು. ನಾಲ್ಕು ವರ್ಷಕ್ಕೆ 23 ಕೆಜಿ, ಎತ್ತರ 102 ಸೆಂಟಿಮೀಟರ್. ಜೊತೆಯ ಮಕ್ಕಳು ಓಡಿದರೆ ಇವನು ಅರ್ಧದಲ್ಲೇ ಏದುಸಿರು ಬಿಡುತ್ತಾ ಕೂತುಬಿಡುತ್ತಿದ್ದ. ಅದನ್ನು ನೋಡಿದ ದಿನ ನನಗೆ ಊಟ ಸೇರಲಿಲ್ಲ.

ಡಾಕ್ಟರ್ ಒಂದು ಮಾತು ಹೇಳಿದರು: ಮಗುವನ್ನು ಉಪವಾಸ ಕೆಡವಬೇಡಿ, ತೂಕ ಇಳಿಸಲೂ ಹೋಗಬೇಡಿ, ಇದ್ದಲ್ಲೇ ನಿಲ್ಲಿಸಿ, ಎತ್ತರ ಬೆಳೆಯುತ್ತದೆ. ಪ್ಯಾಕೆಟ್ ಜ್ಯೂಸ್, ಚಿಪ್ಸ್ ಮನೆಗೆ ತರುವುದನ್ನೇ ಬಿಟ್ಟೆವು. ಊಟದ ಹೊತ್ತಿಗೆ ಟಿವಿ ಬಂದ್. ಸಂಜೆ ಕುಕ್ಕರಹಳ್ಳಿ ಕೆರೆ ದಡದಲ್ಲಿ ಅವನ ಜೊತೆ ನಾನೂ ಓಡುತ್ತೇನೆ. ಎಂಟು ತಿಂಗಳಾಯಿತು. 23.4 ಕೆಜಿ, 107 ಸೆಂಟಿಮೀಟರ್.

ಇನ್ನೊಂದು ಮಾತು. ಇಲ್ಲಿ ನಾವು ಮಿಷನ್ ಆಸ್ಪತ್ರೆ ಅನ್ನುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ ಬರೆದ ಪುಸ್ತಕಗಳಿದ್ದವು. 1990ರ ದಶಕದಲ್ಲಿ ಸಂಶೋಧಕರು ಆ ಮಕ್ಕಳನ್ನು ದೊಡ್ಡವರಾದ ಮೇಲೆ ಹುಡುಕಿ ಪರೀಕ್ಷೆ ಮಾಡಿದರು. ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದಯದ ಕಾಯಿಲೆ ಜಾಸ್ತಿ ಕಂಡಿತು. ದೆಹಲಿಯಲ್ಲಿ ನಡೆದ ಅಧ್ಯಯನವೊಂದರಲ್ಲಿ, ಎರಡು ವರ್ಷದವರೆಗೆ ಸಣ್ಣಗಿದ್ದು ಆಮೇಲೆ ದಪ್ಪಗಾಗುತ್ತಲೇ ಹೋದವರಲ್ಲಿ ಸಕ್ಕರೆ ಕಾಯಿಲೆ ಜಾಸ್ತಿ ಕಂಡಿತು, 2004ರಲ್ಲಿ ಅದು ಪ್ರಕಟವಾಯಿತು. ನಿಮ್ಮ ಮಗಳು 2.6 ಇದ್ದಳು ಅಂದಿರಲ್ಲ, ಅದಕ್ಕೇ ಬರೆದೆ. ಅವಳಿಗೆ ಒಳ್ಳೆ ಊಟ ಕೊಡಿ ತಾಯಿ, ಯಾರನ್ನೋ ಮೆಚ್ಚಿಸಲು ದಪ್ಪ ಮಾಡಬೇಡಿ.

ಇಬ್ಬರು ಮಕ್ಕಳ ತಾಯಿ, ಹುಬ್ಬಳ್ಳಿ

ಅತ್ತೆಯವರನ್ನೇ ಅಂಗನವಾಡಿಗೆ ಕರೆದುಕೊಂಡು ಹೋಗಿ. ನಾನು ಹಾಗೇ ಮಾಡಿದೆ. ಟೀಚರ್ ಅವರ ಕೈಗೆ ಪೆನ್ಸಿಲ್ ಕೊಟ್ಟು ಚುಕ್ಕಿ ಹಾಕಿಸಿದರು. ಅವತ್ತಿನಿಂದ ಪಕ್ಕದ ಮನೆಯವರಿಗೆ ಉತ್ತರ ಕೊಡುವುದು ಅವರೇ, ನಾನು ಬಾಯಿ ತೆರೆಯಬೇಕಾಗಿಲ್ಲ. ಮತ್ತೆ ಮಗುವನ್ನು ಒಂಟಿಯಾಗಿ ಕೂರಿಸಿ ತಿನ್ನಿಸಬೇಡಿ. ಎಲ್ಲರೂ ಊಟಕ್ಕೆ ಕೂತಾಗ ನಡುವೆ ಕೂರಿಸಿ, ಒಂದು ಪುಟ್ಟ ತಟ್ಟೆ ಇಡಿ. ಚೆಲ್ಲಲಿ, ಪರವಾಗಿಲ್ಲ.

ಪುಟ್ಟಿಯ ಅಮ್ಮ, ಅರಸೀಕೆರೆ

ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಾಗುತ್ತಿಲ್ಲ. ಟೀಚರ್ ಅಕ್ಕ, ಡಬ್ಬಿ ತರಲಿಲ್ಲ. ನಿಮ್ಮ ಉತ್ತರವನ್ನು ಅತ್ತೆಗೆ ಓದಿ ಹೇಳಿದೆ. ರಾಗಿ ಸರಿಯ ವಿಷಯ ಬಂದಾಗ "ನಿನ್ನ ಗಂಡನಿಗೂ ಅದನ್ನೇ ಮಾಡಿದ್ದೆ" ಅಂದರು. ರಾತ್ರಿಯೇ ರಾಗಿ ನೆನೆಸಿಟ್ಟರು. ಇವತ್ತು ಮಧ್ಯಾಹ್ನ ಬೇಳೆ, ಅನ್ನ, ಕ್ಯಾರೆಟ್ ಗಟ್ಟಿಯಾಗಿ ಕಿವುಚಿ ಕೊಟ್ಟೆ, ಮೊಬೈಲ್ ಇಲ್ಲದೆ. ಏಳು ಚಮಚ ತಿಂದು ತಲೆ ತಿರುಗಿಸಿದಳು. ನಿಲ್ಲಿಸಿದೆ. ಅಳಲಿಲ್ಲ. ಶುಕ್ರವಾರ ಮೂವರೂ ಅಂಗನವಾಡಿಗೆ ಹೋಗುತ್ತೇವೆ.

ಅಂಗನವಾಡಿ ಟೀಚರ್, ತಿಪಟೂರು ಕಡೆ

ಏಳು ಚಮಚ ಚೆನ್ನಾಗಾಯಿತು. ಶುಕ್ರವಾರ ಉದ್ದವನ್ನೂ ಅಳೆಸಿ, ಮಲಗಿಸಿಯೇ ಅಳೆಯಬೇಕು ಅನ್ನಿ. ಎಷ್ಟು ಬಂತು ಅಂತ ಇಲ್ಲಿ ಬರೆಯಿರಿ, ನನ್ನ ಹಾಳೆ ಹಾಗೇ ಇಟ್ಟಿದ್ದೇನೆ.