ಅನ್ಯಗ್ರಹದವರ ದಾಳಿಯಾದ ಮೂರನೇ ವರ್ಷ, ಶಿರಸಿ ಸೀಮೆಯಲ್ಲಿ ಅಡಗಿರುವ 60 ಜನ: ಕರೆಂಟು, ರೇಡಿಯೊ, ಉಪ್ಪಿನ ಲೆಕ್ಕ ಸರಿ ಮಾಡಿಕೊಡಿ

ದೇವಿಮನೆ_ತಿರುವು

ಕಾದಂಬರಿಯ ಕರಡೊಂದಕ್ಕೆ ನೆರವು ಬೇಕು. ದಾಳಿಯ ಮೊದಲ ವಾರದಲ್ಲೇ ವಿದ್ಯುತ್ ಜಾಲ, ಮೊಬೈಲ್ ಟವರ್, ಪೇಟೆಗಳು ಎಲ್ಲ ಹೋಗಿವೆ. ಅವರ ನೌಕೆಗಳು 600 ಕಿ.ಮೀ. ಎತ್ತರದಲ್ಲಿ ಸುತ್ತುತ್ತವೆ; ನೆಲದ ಮೇಲೆ ಬಿಸಿ ಕಂಡಲ್ಲಿ, ರೇಡಿಯೊ ಕೇಳಿಸಿದಲ್ಲಿ ಹೊಡೆಯುತ್ತವೆ. ಶಿರಸಿ-ಸಿದ್ದಾಪುರದ ನಡುವೆ ಒಂದು ಅಡಿಕೆ ತೋಟದ ಕೇರಿಯಲ್ಲಿ 60 ಜನ ಉಳಿದಿದ್ದಾರೆ.

ಈಗಿನ ಕರಡಿನಲ್ಲಿ ನಾಯಕಿ ಬಿಟ್ಟುಹೋದ ಬೈಕುಗಳ ಪೆಟ್ರೋಲ್ ಬಸಿದು ಜನರೇಟರ್ ಓಡಿಸುತ್ತಾಳೆ, ವಾಕಿಟಾಕಿಯಲ್ಲಿ ಮಡಿಕೇರಿ ಕಡೆಯವರ ಜೊತೆ ಮಾತಾಡುತ್ತಾಳೆ, ಕೊನೆಗೆ ಮೂರನೇ ಮಳೆಗಾಲದಲ್ಲಿ ಕೇರಿಯ ಬದುಕೇ ಕುಸಿಯುತ್ತದೆ. ಓದಿದರೆ ಯಾವುದೂ ನಂಬಿಕೆ ಹುಟ್ಟಿಸುತ್ತಿಲ್ಲ. ಎಲ್ಲಿ ತಪ್ಪಿದೆ, ಅದರ ಜಾಗದಲ್ಲಿ ಏನು ಬರಬೇಕು?

ನೀರ್ಗಾಲುವೆ

ಪೆಟ್ರೋಲ್ ತೆಗೆದುಬಿಡಿ. ಬಂಕಿನಲ್ಲಿ ಸಿಗುವುದರಲ್ಲಿ ಎಥನಾಲ್ ಇರುತ್ತದೆ. ಅದು ಗಾಳಿಯ ತೇವ ಹೀರಿ ತಳದಲ್ಲಿ ನೀರು ಕಟ್ಟಿಸುತ್ತದೆ. ಹಗುರ ಅಂಶ ಆರಿಹೋಗಿ, ಉಳಿದದ್ದು ಅಂಟಾಗಿ ಕಾರ್ಬ್ಯುರೇಟರಿನ ಜೆಟ್ ಮುಚ್ಚುತ್ತದೆ. ಮಲೆನಾಡಿನ ಮೂರು ಮಳೆಗಾಲ ಕಂಡ ಪೆಟ್ರೋಲಿಗೆ ಜನರೇಟರ್ ಏಳುವುದಿಲ್ಲ. ಚಾವಣಿಯ ಸೋಲಾರ್ ಕೂಡ, ಗ್ರಿಡ್‌ಗೆ ಜೋಡಿಸಿದ ಬಗೆಯದಾದರೆ, ಲೈನಿನಲ್ಲಿ ಕರೆಂಟು ಇಲ್ಲದಾಗ ಇನ್ವರ್ಟರ್ ತಾನೇ ನಿಲ್ಲುತ್ತದೆ. ಪ್ಯಾನೆಲ್ ಬಿಚ್ಚಿ, ಚಾರ್ಜ್ ಕಂಟ್ರೋಲರ್ ಮೂಲಕ ಬ್ಯಾಟರಿಗೆ ಕೊಡಬೇಕು.

ಕೇರಿಯ ನಿಜವಾದ ಆಸ್ತಿ ಹಳ್ಳ. ಸೆಕೆಂಡಿಗೆ ಬರುವ ಲೀಟರ್ × ಬೀಳುವ ಎತ್ತರ ಮೀಟರಿನಲ್ಲಿ × 9.8, ಇಷ್ಟು ವ್ಯಾಟ್ ನೀರಿನಲ್ಲಿದೆ. 6 ಲೀಟರ್, 30 ಮೀಟರ್ ಅಂದರೆ 1,764. ಅರ್ಧ ಕೈಗೆ ಸಿಕ್ಕರೂ 880 ವ್ಯಾಟ್. ಹೊಸ ಟರ್ಬೈನ್ ಬೇಕಿಲ್ಲ, ತೋಟದ 2 ಎಚ್‌ಪಿ ತ್ರೀ ಫೇಸ್ ಮಾನೋಬ್ಲಾಕ್ ಪಂಪಿಗೇ ನೀರನ್ನು ಉಲ್ಟಾ ಹಾಯಿಸಿದರೆ ಅದೇ ಟರ್ಬೈನ್, ಅದರ ಮೋಟಾರೇ ಜನರೇಟರ್. 20 ಮೀಟರ್ ಎತ್ತುವ ಪಂಪಿಗೆ ಹೀಗೆ ಓಡಲು ಸುಮಾರು 30 ಮೀಟರ್ ಬೇಕು. ಪೈಪು 3 ಇಂಚಿನದಿರಲಿ. 2 ಇಂಚಿನದರಲ್ಲಿ 100 ಮೀಟರ್ ಉದ್ದಕ್ಕೆ ಅರ್ಧಕ್ಕಿಂತ ಹೆಚ್ಚು ಎತ್ತರ ಘರ್ಷಣೆಯಲ್ಲೇ ಕಳೆದುಹೋಗುತ್ತದೆ.

ಮೋಟಾರಿನ ಪ್ಲೇಟಿನಲ್ಲಿ 1440 ಸುತ್ತು ಎಂದಿದ್ದರೆ ಕರೆಂಟು ಹುಟ್ಟಲು 1500 ದಾಟಿ 1560ರ ಹತ್ತಿರ ತಿರುಗಬೇಕು. ಪ್ರತಿ ಜೋಡಿ ತುದಿಯ ನಡುವೆ ಸುಮಾರು 10ರಿಂದ 15 ಮೈಕ್ರೊಫ್ಯಾರಡ್‌ನ, 440 ವೋಲ್ಟ್ ಎಸಿ ಬರೆದಿರುವ ರನ್ನಿಂಗ್ ಕೆಪಾಸಿಟರ್ ಹಾಕಬೇಕು. ಸ್ಟಾರ್ಟಿಂಗ್ ಕೆಪಾಸಿಟರ್ ಹಾಕಿದರೆ ಕೆಲವೇ ನಿಮಿಷದಲ್ಲಿ ಉಬ್ಬಿ ಒಡೆಯುತ್ತದೆ.

ಕಥೆಗೆ ಬೇಕಾದ ತೊಂದರೆಗಳೆಲ್ಲ ಇಲ್ಲೇ ಇವೆ. ಇಂಪೆಲ್ಲರ್ (ಪಂಪಿನೊಳಗೆ ತಿರುಗುವ ಚಕ್ರ) ಶಾಫ್ಟಿಗೆ ತಿರುಪಿನಿಂದ ಕೂತಿದ್ದರೆ ಉಲ್ಟಾ ತಿರುಗುವಾಗ ಸಡಿಲಾಗಿ ಕೇಸಿಂಗಿಗೆ ಉಜ್ಜಬಹುದು. ಲಾಕ್ ನಟ್ ಬೇಕು. ಲೋಡ್ ಹೆಚ್ಚಾಗಿ ನಿಂತರೆ ಕಬ್ಬಿಣದಲ್ಲಿ ಉಳಿದಿರುವ ಕಾಂತತ್ವ ಅಳಿದು, ಮತ್ತೆ ಎಷ್ಟು ತಿರುಗಿದರೂ ಕರೆಂಟು ಬರುವುದಿಲ್ಲ. ಆಗ ಮೋಟಾರ್ ನಿಲ್ಲಿಸಿ, ಒಂದು ವೈಂಡಿಂಗಿಗೆ 12 ವೋಲ್ಟ್ ಬ್ಯಾಟರಿಯನ್ನು ಒಂದೆರಡು ಸೆಕೆಂಡ್ ಮುಟ್ಟಿಸಬೇಕು. ಬಲ್ಬ್ ಆರಿಸಿದರೆ ಉಲ್ಟಾ ಕಷ್ಟ: ವೋಲ್ಟೇಜ್ ಏರಿ ಉಳಿದ ಬಲ್ಬುಗಳು ಸುಡುತ್ತವೆ. ಒಂದು ಆರಿಸಿದಷ್ಟೇ ಲೋಡನ್ನು ನೀರಿನಲ್ಲಿ ಮುಳುಗಿಸಿದ ಹೀಟರ್ ಕಾಯಿಲ್‌ಗೆ ತಿರುಗಿಸಬೇಕು. ಆ ಕಾಯಿಲನ್ನು ಹರಿಯುವ ಕಾಲುವೆಯಲ್ಲೇ ಇಡಿ. ತೊಟ್ಟಿಯಲ್ಲಿಟ್ಟರೆ ರಾತ್ರಿ ಮೇಲಿನಿಂದ ಬಿಸಿ ಚುಕ್ಕೆಯಾಗಿ ಕಾಣುತ್ತದೆ.

ಹಳೇ_ಏರಿಯಲ್

ವಾಕಿಟಾಕಿಯ ತಪ್ಪು ನೀವು ಅಂದುಕೊಂಡದ್ದಕ್ಕಿಂತ ದೊಡ್ಡದು. 145 ಮೆಗಾಹರ್ಟ್ಸ್ ಅಲೆ ಘಟ್ಟದ ಗುಡ್ಡಗಳನ್ನು ದಾಟುವುದಿಲ್ಲ, ಆದರೆ ಅಯಾನುಗೋಳವನ್ನು (ವಾತಾವರಣದ ಮೇಲ್ಭಾಗದ, ರೇಡಿಯೊ ಅಲೆಗಳನ್ನು ಹಿಂದಿರುಗಿಸಬಲ್ಲ ಪದರ) ಸಲೀಸಾಗಿ ತೂರುತ್ತದೆ. ಮಡಿಕೇರಿಗೆ ಕೇಳದ ಮಾತು ನೌಕೆಗೆ ಸ್ಪಷ್ಟವಾಗಿ ಕೇಳುತ್ತದೆ.

ಬೇಕಾದದ್ದು 7 ಮೆಗಾಹರ್ಟ್ಸ್‌ನ ಹ್ಯಾಮ್ (ಹವ್ಯಾಸಿ ರೇಡಿಯೊ) ಸೆಟ್, 12 ವೋಲ್ಟ್, 5 ವ್ಯಾಟ್ ಸಾಕು. ಏರಿಯಲ್ಲಾಗಿ ಡೈಪೋಲ್ ತಂತಿ ಒಟ್ಟು 20 ಮೀಟರ್, ನಡುವೆ ಕತ್ತರಿಸಿ ಎರಡೂ ಕಡೆ 10. ಅಡಿಕೆ ಮರಗಳ ನಡುವೆ 4-5 ಮೀಟರ್ ಎತ್ತರದಲ್ಲಿ ಕಟ್ಟಿ, ಅದಕ್ಕಿಂತ ಮೇಲೆ ಬೇಡ. ಹೀಗೆ ತಗ್ಗಿನಲ್ಲಿದ್ದಾಗಲೇ ಅಲೆ ನೆಟ್ಟಗೆ ಮೇಲೇರಿ, ಕಾರಂಜಿ ನೀರಿನಂತೆ ಸುತ್ತಲೂ ಮುನ್ನೂರು ಕಿ.ಮೀ. ಆಚೆಯವರೆಗೂ ಇಳಿಯುತ್ತದೆ. ಶಿರಸಿಯಿಂದ ಮಡಿಕೇರಿ ನೇರ ದೂರ 250 ಕಿ.ಮೀ. ಆಸುಪಾಸು, ಗುಡ್ಡ ಅಡ್ಡ ಬರುವ ಮಾತೇ ಇಲ್ಲ.

ನಿಮ್ಮ ಕಥೆಗೆ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ನೆಟ್ಟಗೆ ಹೋದ ಅಲೆಯನ್ನು ಅಯಾನುಗೋಳ ಹಿಂದಿರುಗಿಸುವುದು ಒಂದು ಮಿತಿಯವರೆಗೆ ಮಾತ್ರ. ಆ ಮಿತಿಗಿಂತ ಕೆಳಗಿನ ಆವೃತ್ತಿ ಮೇಲಕ್ಕೆ ದಾಟುವುದೇ ಇಲ್ಲ. ಹೆಚ್ಚು ದಟ್ಟ ಪದರ 300-400 ಕಿ.ಮೀ. ಸುಮಾರಿಗೆ ಇರುವುದರಿಂದ 600ರಲ್ಲಿರುವ ನೌಕೆ ಅದರ ಆಚೆಗೆ ಉಳಿಯುತ್ತದೆ. ಭೂಕಾಂತೀಯ ಸಮಭಾಜಕ ನಮ್ಮ ದೇಶದ ದಕ್ಷಿಣ ತುದಿಯಲ್ಲೇ ಹಾಯುತ್ತದೆ. 1963ರಲ್ಲಿ ಕೇರಳದ ತುಂಬಾ ಎಂಬ ಊರಿನಿಂದ ರಾಕೆಟ್ ಹಾರಿಸಲು ಆ ಜಾಗ ಆರಿಸಿದ್ದೂ ಅದಕ್ಕೇ. ಹಾಗಾಗಿ ನಮ್ಮಲ್ಲಿ ನಡುಹಗಲಿನ ಮಿತಿ ಸಾಮಾನ್ಯವಾಗಿ 7 ಮೆಗಾಹರ್ಟ್ಸ್‌ಗಿಂತ ಮೇಲೇ ಇರುತ್ತದೆ. ನಸುಕಿನ ಮುಂಚೆ 3-4ಕ್ಕೆ ಕುಸಿಯಬಹುದು. ಅಂದರೆ ನಿಮ್ಮ ನಾಯಕಿ ಮಧ್ಯರಾತ್ರಿ ಕದ್ದು ಮಾತಾಡುವುದಲ್ಲ, ನಡುಮಧ್ಯಾಹ್ನ ಮಾತಾಡಬೇಕು. ಕೆಳಗೆ ಹಾರುವ ಡ್ರೋನ್‌ಗಳಿದ್ದರೆ ಈ ಮರೆ ಸಿಗುವುದಿಲ್ಲ, ನೆನಪಿರಲಿ.

ಸಿಕ್ಕಿಬೀಳುವ ದಾರಿಯೂ ಒಂದಿದೆ. 7.1ರಲ್ಲಿ ಪ್ರಸಾರ ಮಾಡುವ ಸೆಟ್ಟು 14.2 ಮತ್ತು 21.3ರಲ್ಲೂ ಸ್ವಲ್ಪ ಸೋರುತ್ತದೆ. ಅದನ್ನು ತಡೆಯುವುದು ಏರಿಯಲ್ಲಿಗೆ ಮುಂಚೆ ಇರುವ ಲೋ ಪಾಸ್ ಫಿಲ್ಟರ್. ಅದರ ಕಾಯಿಲ್ ತುಂಡಾಗಿ ಯಾರೋ ನೇರ ತಂತಿ ಬೆಸೆದರೆ, ಮಡಿಕೇರಿಗೆ ಮಾತು ಎಂದಿನಂತೆ ಕೇಳುತ್ತಲೇ ಇರುತ್ತದೆ. 21.3 ಮಾತ್ರ ನೇರ ಮೇಲೆ ಹೋಗುತ್ತಿರುತ್ತದೆ.

ದೇವಿಮನೆ_ತಿರುವು

ಫಿಲ್ಟರ್ ವಿಷಯ ಕಥೆಯ ಕೀಲಿಯೇ ಆಯಿತು, ಇಬ್ಬರಿಗೂ ಧನ್ಯವಾದ. ಹಾಗಾದರೆ ಮಳೆಗಾಲದ ಕುಸಿತ? ಊಟ, ಉಪ್ಪು, ಕಾಯಿಲೆ ಬಲ್ಲವರು ಹೇಳಿ.

ಸೊಪ್ಪಿನಬೆಟ್ಟ

ಕುಸಿತವನ್ನು ಬೇಸಿಗೆಗೆ ತನ್ನಿ. ಮಳೆಗಾಲದಲ್ಲಿ ಹಳ್ಳ ತುಂಬಿರುತ್ತದೆ, ಕರೆಂಟು ಇರುತ್ತದೆ. ದಟ್ಟ ಮೋಡದಾಚೆಯಿಂದ ಮೈಬಿಸಿಯಾಗಲಿ ಒಲೆಯಾಗಲಿ ಕಾಣುವುದಿಲ್ಲ. ಕೇರಿ ಧೈರ್ಯವಾಗಿ ಉಸಿರಾಡುವ ನಾಲ್ಕು ತಿಂಗಳು ಅವು. ಹಸಿವಿನ ಮಾತು ಸುಳ್ಳಲ್ಲ: ಒಬ್ಬರಿಗೆ ದಿನಕ್ಕೆ 400 ಗ್ರಾಂ ಅಕ್ಕಿಯಂತೆ ವರ್ಷಕ್ಕೆ 8,760 ಕೆ.ಜಿ., ಅಂದರೆ ಸುಮಾರು 13 ಟನ್ ಭತ್ತ. ಗೊಬ್ಬರದಂಗಡಿ ಇಲ್ಲದೆ ಎಕರೆಗೆ 10 ಕ್ವಿಂಟಲ್ ಹಿಡಿದರೆ 13 ಎಕರೆ ಗದ್ದೆ ಬೇಕು, ಬೀಜದ ಭತ್ತ ಬೇರೆ. ಹೈಬ್ರಿಡ್ ಬೀಜ ಉಳಿಸಿ ಬಿತ್ತಿದರೆ ಬೆಳೆ ಒಂದೇ ಸಮ ಬರುವುದಿಲ್ಲ, ಊರ ತಳಿಯೇ ಆಗಬೇಕು. ಆಗಸ್ಟ್-ಸೆಪ್ಟೆಂಬರಿನಲ್ಲಿ ಕಣಜ ತಳ ಕಾಣುತ್ತದೆ. ಹಲಸಿನ ಹಪ್ಪಳ, ಮಣ್ಣಿನಲ್ಲಿಟ್ಟ ಹಲಸಿನ ಬೀಜ ಆಗ ಕೈ ಹಿಡಿಯುತ್ತವೆ.

ಉಪ್ಪಿನ ವಿಷಯ ಹಾಗಲ್ಲ. ತಲೆಗೆ ದಿನಕ್ಕೆ 5 ಗ್ರಾಂ ಅಂದರೂ ವರ್ಷಕ್ಕೆ 110 ಕೆ.ಜಿ.; ಉಪ್ಪಿನಕಾಯಿ, ದನಕರು ಸೇರಿದರೆ ಇನ್ನೂರು. ಲೀಟರ್ ಸಮುದ್ರದ ನೀರಿನಲ್ಲಿರುವುದು ಎಲ್ಲ ಲವಣ ಸೇರಿ ಸುಮಾರು 35 ಗ್ರಾಂ. ಒಲೆಯ ಮೇಲೆ ಕುದಿಸಿ ಆರಿಸಲು ಲೀಟರಿಗೆ ಹೆಚ್ಚುಕಡಿಮೆ ಒಂದು ಕೆ.ಜಿ. ಕಟ್ಟಿಗೆ ಬೇಕು, ಅಂದರೆ ಟನ್ನುಗಟ್ಟಲೆ ಬೆಂಕಿ. ಹಾಗಾಗಿ ದೇವಿಮನೆ ಘಟ್ಟ ಇಳಿದು ಗೋಕರ್ಣದ ಹತ್ತಿರದ ಸಾಣಿಕಟ್ಟಾ ಉಪ್ಪಿನಾಗರಕ್ಕೇ ಹೋಗಬೇಕು, ಅದೂ ಬಿಸಿಲಿನ ತಿಂಗಳುಗಳಲ್ಲೇ. ಮೊದಲು ಜಿಪ್ಸಂ ತಳಕ್ಕೆ ಕೂರುತ್ತದೆ, ಆಮೇಲೆ ಉಪ್ಪು ಹರಳುಗಟ್ಟುತ್ತದೆ. ಕೊನೆಯಲ್ಲಿ ಉಳಿಯುವ ಕಹಿ ನೀರನ್ನು ಹೊರಬಿಡದೆ ಪೂರ್ತಿ ಆರಿಸಿದರೆ ಮೆಗ್ನೀಷಿಯಂ ಸೇರಿ ಉಪ್ಪು ಕಹಿಯಾಗುತ್ತದೆ, ಚೀಲದಲ್ಲೇ ನೀರೊಡೆಯುತ್ತದೆ. ಬಟಾಬಯಲಿನ ಆಗರದಲ್ಲಿ ರಾತ್ರಿ ಕೆಲಸ ಮಾಡಿದರೆ ತಣಿದ ನೆಲದ ಮೇಲೆ ಮೈ ಎದ್ದು ಕಾಣುತ್ತದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ನೆಲದ ಬಿಸಿ ಮೈಬಿಸಿಗೆ ಸಮನಾಗುವ ಅಲ್ಪ ಹೊತ್ತಿನಲ್ಲೇ ಎಳೆದು ರಾಶಿ ಮಾಡಬೇಕು. ತಲೆಗೆ 25 ಕೆ.ಜಿ. ಹೊರೆ ಅಂದರೂ ಎಂಟು ಜನ.

ಇನ್ನು ಮಂಗನ ಕಾಯಿಲೆ. 1957ರಲ್ಲಿ ಮೊದಲು ಗುರುತಿಸಿದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, ನಿಮ್ಮ ಕೇರಿಗೆ ದೂರವೇನಲ್ಲ. ನವೆಂಬರಿನಿಂದ ಮೇವರೆಗೆ ಅದರ ಕಾಲ. ಸತ್ತ ಮಂಗನ ಮೈಯಿಂದ ಉದುರಿದ ಉಣುಗು ದರಕಿನಲ್ಲಿ (ನೆಲಕ್ಕೆ ಬಿದ್ದ ಒಣ ಎಲೆ) ಕಾದಿರುತ್ತದೆ. ನೌಕೆ ಬಂತೆಂದು ಕಾಡಿಗೆ ಓಡಿ ಒಣ ಎಲೆಯ ಮೇಲೆ ಮಲಗುವವರಿಗೇ ಮೊದಲು ತಗಲುತ್ತದೆ; ಕೊಟ್ಟಿಗೆಗೆ ದರಕು ಹೊರುವವರಿಗೂ ಅಷ್ಟೇ. ಉಣುಗು ಕಚ್ಚಿದ 3ರಿಂದ 8 ದಿನಕ್ಕೆ ಒಮ್ಮೆಲೇ ಜ್ವರ, ತಲೆ ಸಿಡಿತ, ಮೈ ನೋವು. ಇದಕ್ಕೆಂದೇ ಔಷಧವಿಲ್ಲ, ನೀರು, ವಿಶ್ರಾಂತಿ, ಆರೈಕೆ ಮಾತ್ರ. ರಕ್ತಸ್ರಾವದ ಭಯವಿರುವುದರಿಂದ ನೋವಿಗೆ ಆಸ್ಪಿರಿನ್ ಕೊಡಬಾರದು.

ನೀರ್ಗಾಲುವೆ

ಇವರ ಮಾತಿಗೆ ನನ್ನದೂ ಸೇರಿಸಿಕೊಳ್ಳಿ: ಏಪ್ರಿಲ್ ಹೊತ್ತಿಗೆ ಹಳ್ಳ ಒಂದು ಲೀಟರಿಗೆ ಇಳಿದರೆ ಆ ಪಂಪು ತಿರುಗುವುದೇ ಇಲ್ಲ. ರೇಡಿಯೊ ಬ್ಯಾಟರಿಗೆ ಆಗ ಸೋಲಾರ್ ಪ್ಯಾನೆಲ್ ಒಂದೇ ದಿಕ್ಕು, ಅದನ್ನು ಇಡಬೇಕಾದ್ದು ಮರದ ನೆರಳಿಲ್ಲದ ಬಯಲಿನಲ್ಲಿ. ಎಂಟು ಜನ ಉಪ್ಪಿಗೆ ಹೋದ ವಾರ ಉಳಿದವರಲ್ಲಿ ಅದನ್ನು ಬೆಳಿಗ್ಗೆ ಹೊರಗಿಟ್ಟು ಸಂಜೆ ಒಳಗೆ ತರುವವರು ಯಾರು ಎಂಬುದನ್ನೂ ಬರೆಯಿರಿ.