ಕೈಕಾಗದದ ಮೇಲೆ ಮಂತ್ರದ ಸುರುಳಿ: ಮಸಿ ಹರಡದಂತೆ ಏನು ಮಾಡಬೇಕು?

ಕಥೆಅಕ್ಕ:
ನಮಸ್ಕಾರ. ಭಾನುವಾರ ನಮ್ಮೂರ ಲೈಬ್ರರಿಯಲ್ಲಿ ಮಕ್ಕಳಿಗೆ ಕಥೆ ಹೇಳುತ್ತೇನೆ. ಈ ಸಲ ಇಥಿಯೋಪಿಯದ ಮಂತ್ರದ ಸುರುಳಿಗಳ ಬಗ್ಗೆ ಹೇಳಿದೆ. ಅಲ್ಲಿ ಕಾಯಿಲೆ ಬಿದ್ದವರಿಗೆ ದೆಬ್ತೆರಾ ಅನ್ನುವ ಚರ್ಚಿನ ಪಂಡಿತರು ಕುರಿ, ಮೇಕೆ ಚರ್ಮದ ಪಟ್ಟಿಗಳನ್ನು ಹೊಲಿದು, ಅದರ ಮೇಲೆ ಪ್ರಾರ್ಥನೆ ಬರೆದುಕೊಡುತ್ತಿದ್ದರು. ಬಿಚ್ಚಿದರೆ ಆ ವ್ಯಕ್ತಿಯ ಎತ್ತರದಷ್ಟೇ ಉದ್ದ, ತಲೆಯಿಂದ ಕಾಲಿನವರೆಗೂ ಕಾಪಾಡಲಿ ಅಂತ. ಇದನ್ನು ಕೇಳಿದ್ದೇ ತಡ, ಮಕ್ಕಳೆಲ್ಲ ಗೋಡೆಗೆ ಒರಗಿ ನಿಂತು ಎತ್ತರ ಅಳೆಸಿಕೊಂಡರು! ಈಗ ಎಲ್ಲರಿಗೂ ಒಂದೊಂದು ಸುರುಳಿ ಬೇಕಂತೆ. ಹತ್ತಿಯ ಕೈಕಾಗದ ತಂದಿದ್ದೇನೆ. ಮೆತ್ತಗಿದೆ, ಚೆಂದ ಇದೆ. ಆದರೆ ಮಸಿ ಹರಡುತ್ತದೆ. ಆ ಸುರುಳಿಗಳಲ್ಲಿರುವಂಥ ದೊಡ್ಡ ಕಣ್ಣು ಬರೆದು ರೆಪ್ಪೆಯ ಗೆರೆ ಒಂದೊಂದೇ ಎಳೆದರೆ ಎಲ್ಲ ಸೇರಿ ಕಪ್ಪು ಕಲೆಯಾಗುತ್ತದೆ. ಏನು ಮಾಡಲಿ? ಹಳೆಯದರ ಥರ ಕಾಣಲು ಟೀ ಡಿಕಾಕ್ಷನ್ ಬಳಿಯಬಹುದಾ?

ಬೈಂಡಿಂಗ್‌ಮನೆ:
ಅಕ್ಕಾ, ನಿಮ್ಮ ಕಾಗದಕ್ಕೆ ಸೈಜಿಂಗ್, ಅಂದರೆ ಮಸಿ ಹೀರದಂತೆ ಕೊಡುವ ತೆಳು ಅಂಟಿನ ಲೇಪ, ಆಗಿಲ್ಲ, ಅದಕ್ಕೇ ಮಸಿ ಕುಡಿಯುತ್ತಿದೆ. ನಮ್ಮ ಹುಬ್ಬಳ್ಳಿ ಹತ್ತಿರ ತಾರಿಹಾಳದಲ್ಲಿ ಬನಿಯನ್ ಬಟ್ಟೆಯ ಚೂರುಗಳಿಂದ ಖಾದಿ ಕಾಗದ ಮಾಡುತ್ತಾರೆ. ಅದಕ್ಕೆ ಜೆಲಾಟಿನ್ ಸೇರಿಸಿರುತ್ತಾರೆ, ಮಸಿ ನಿಲ್ಲುತ್ತದೆ. ಈಗ ತಂದಿರುವುದಕ್ಕೆ ಹೀಗೆ ಮಾಡಿ. ಒಂದು ಲೀಟರ್ ನೀರಿಗೆ ಸುಮಾರು 20 ಗ್ರಾಂ ಜೆಲಾಟಿನ್. ತಣ್ಣೀರಲ್ಲಿ ನೆನೆಹಾಕಿ, ಆಮೇಲೆ ಬೆಚ್ಚಗೆ ಮಾಡಿ ಕರಗಿಸಿ. ಕುದಿಸಬೇಡಿ, ಕಸುವು ಹೋಗುತ್ತದೆ. ಅಗಲದ ಬ್ರಷ್‌ನಿಂದ ಎರಡೂ ಕಡೆ ಹಚ್ಚಿ ನೆರಳಲ್ಲಿ ಒಣಗಿಸಿ. ಪೂರ್ತಿ ಒಣಗಿದ ಮೇಲೆ ಸ್ಟೀಲ್ ಚಮಚದ ಬೆನ್ನಿನಿಂದ ಉಜ್ಜಿ. ಇದನ್ನು ಬಿಡಲೇಬೇಡಿ. ನಾರು ಎದ್ದಿದ್ದರೆ ನಿಬ್ಬು ಅದಕ್ಕೆ ಸಿಕ್ಕಿಕೊಂಡು ಮಸಿ ಚಿಮ್ಮುತ್ತದೆ.

ಜೆಲಾಟಿನ್ ಬೇಡ ಅಂದರೆ ತೆಳು ಅಕ್ಕಿಗಂಜಿ ಸೋಸಿ ಹಚ್ಚಿ. ಹುಳ ಬರುತ್ತದೆ ಅಂತ ಬೈಂಡಿಂಗ್ ಅಂಟಿಗೆ ಮೈಲುತುತ್ತ ಹಾಕುವ ರೂಢಿ ಇದೆ. ಮಕ್ಕಳ ಕೈಗೆ ಹೋಗುವ ವಸ್ತುವಿಗೆ ಖಂಡಿತ ಹಾಕಬೇಡಿ, ಅದು ವಿಷ.

ಟೀ ಬೇಡ. ಅದರ ಹುಳಿಗೆ ಕಾಗದ ಬೇಗ ಲಡ್ಡಾಗುತ್ತದೆ. ಅದೂ ಅಲ್ಲದೆ, ಆ ಸುರುಳಿಗಳನ್ನು ಬರೆದ ದಿನ ಅವೂ ಹೊಸವೇ ಅಲ್ವಾ? ಒಬ್ಬರ ಹೆಸರಿಗೆ, ಅವರ ಅಳತೆಗೆ ಮಾಡಿದ್ದು ಅನ್ನುವುದೇ ಅದರ ಬೆಲೆ. ಮಕ್ಕಳಿಗೆ ಅದು ಸಿಗಲಿ.

ಕುಂಚ_ಶಿವಮೊಗ್ಗ:
ಬಣ್ಣದ ಬಗ್ಗೆ ಹೇಳುತ್ತೇನೆ. ಅಕ್ರಿಲಿಕ್ ಬೇಡ, ಸುತ್ತಿಟ್ಟರೆ ಒಂದಕ್ಕೊಂದು ಅಂಟುತ್ತದೆ. ಪೋಸ್ಟರ್ ಕಲರ್ ದಪ್ಪಗಾದರೆ ಬಿರಿಯುತ್ತದೆ. ವಾಟರ್ ಕಲರ್ ತೆಳ್ಳಗೆ ಹಚ್ಚಿ. ಮೂಲ ಸುರುಳಿಗಳಲ್ಲಿ ಬರಹ ಕಪ್ಪು, ಯಾರಿಗೆ ಬರೆದದ್ದೋ ಅವರ ಹೆಸರು ಕೆಂಪು. ಅದನ್ನು ಹಾಗೇ ಇಟ್ಟುಕೊಳ್ಳಿ.

ಆದರೆ ಇಥಿಯೋಪಿಯದ ಹಳೆಯ ಗೀಜ್ ಭಾಷೆಯ ಆ ಪ್ರಾರ್ಥನೆಗಳನ್ನು ನೋಡಿ ನಕಲು ಮಾಡಿಸಬೇಡಿ. ಅವು ಅಲ್ಲಿನ ಕ್ರೈಸ್ತರ ನಂಬಿಕೆ, ಕಾಯಿಲೆಯ ಸಂಕಟದಲ್ಲಿ ಬರೆಸಿಕೊಂಡವು. ದೊಡ್ಡ ಕಣ್ಣುಗಳು, ಎಂಟು ಮೂಲೆಯ ನಕ್ಷತ್ರ ತೋರಿಸಿ. ಮಾತು ಮಕ್ಕಳದ್ದೇ ಇರಲಿ. ಕತ್ತಲೆಗೆ ಹೆದರುವ ಮಗು ಕತ್ತಲೆಗೇ ಒಂದು ಮಾತು ಬರೆಯಲಿ.

ಕಥೆಅಕ್ಕ:
ಹೌದು, ನಿಮ್ಮ ಮಾತು ಸರಿ. ಅವರವರ ಮಾತನ್ನೇ ಬರೆಸುತ್ತೇನೆ. ಹಾಳೆ ಅಳತೆ 56 × 76 ಸೆಂ.ಮೀ. ಉದ್ದಕ್ಕೆ ಹೇಗೆ ಜೋಡಿಸುವುದು? ಹೊಲಿಯಲಾ?

ಬೈಂಡಿಂಗ್‌ಮನೆ:
ಹೊಲಿಗೆ ಚರ್ಮಕ್ಕೆ ಸರಿ, ಕಾಗದ ತೂತಿನ ಸಾಲಿನಲ್ಲೇ ಹರಿಯುತ್ತದೆ. ಅಂಟಿಸಿ. 11 ಸೆಂ.ಮೀ. ಅಗಲಕ್ಕೆ ಕತ್ತರಿಸಿದರೆ ಒಂದು ಹಾಳೆಗೆ ಐದು ಪಟ್ಟಿ. ಎರಡು ಜೋಡಿಸಿದರೆ ಸುಮಾರು 150 ಸೆಂ.ಮೀ., ಚಿಕ್ಕ ಮಕ್ಕಳಿಗೆ ಸಾಕು. ಜೋಡಿಸುವ ಅಂಚನ್ನು ಕತ್ತರಿಯಿಂದ ಕತ್ತರಿಸಬೇಡಿ. ಒದ್ದೆ ಬ್ರಷ್‌ನಿಂದ ಗೆರೆ ಎಳೆದು ಮೆಲ್ಲಗೆ ಹರಿಯಿರಿ, ನಾರು ತೆಳ್ಳಗೆ ಹೊರಬರುತ್ತದೆ. ಒಂದೂವರೆ ಸೆಂ.ಮೀ. ಒಂದರ ಮೇಲೊಂದು ಇಟ್ಟು ತೆಳು ಮೈದಾ ಅಂಟು ಹಚ್ಚಿ, ರಾತ್ರಿಯಿಡೀ ಭಾರ ಹೇರಿ. ಬೆರಳಾಡಿಸಿದರೆ ಜೋಡಣೆ ಗೊತ್ತೇ ಆಗುವುದಿಲ್ಲ. ಚಿತ್ರ ಬರೆಯುವುದು ಇದೆಲ್ಲ ಆದ ಮೇಲೆ. ಮೇಲೆ ಕೆಳಗೆ ನಾಲ್ಕು ಬೆರಳು ಖಾಲಿ ಬಿಡಿ, ಕೋಲಿಗೆ ಸುತ್ತಿ ಅಂಟಿಸಲು ಬೇಕಾಗುತ್ತದೆ.