ಪೀಸ್ ಲೆಕ್ಕದ ನೇಕಾರರಿಗೆ ಗ್ರಾಚ್ಯುಟಿ ಹೇಗೆ ಲೆಕ್ಕ ಹಾಕೋದು? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಬನಹಟ್ಟಿಯಲ್ಲಿ ನಮ್ಮದು ಚಿಕ್ಕ ಪವರ್‌ಲೂಮ್ ಶೆಡ್. 11 ವರ್ಷ ನಮ್ಮಲ್ಲೇ ಮಗ್ಗ ನಡೆಸಿದ ನೇಕಾರರೊಬ್ಬರು ಮೊಣಕಾಲು ನೋವಿಂದ ಕೆಲಸ ಬಿಡುತ್ತಿದ್ದಾರೆ. ತಿಂಗಳ ಸಂಬಳ ಇಲ್ಲ, ಸೀರೆಗಿಷ್ಟು ಅಂತ ಮಜೂರಿ. ಅವರಿಗೆ ಗ್ರಾಚ್ಯುಟಿ, ಅಂದರೆ ವರ್ಷಗಟ್ಟಲೆ ದುಡಿದವರು ಕೆಲಸ ಬಿಡುವಾಗ ಕೊಡೋ ಹಣ, ಸರಿಯಾಗಿ ಕೊಡಬೇಕು ಅಂತ ನನ್ನಾಸೆ.

ಈಗ ಶೆಡ್ಡಿನಲ್ಲಿ 7 ಜನ ಇದ್ದಾರೆ. ಹತ್ತು ಜನ ಇದ್ದರೆ ಮಾತ್ರ ಗ್ರಾಚ್ಯುಟಿ ಕಾಯ್ದೆ ಅನ್ವಯ, ನಿಮ್ಮಲ್ಲಿ ಅಷ್ಟಿಲ್ಲ, ಕೊಡೋದೇ ಬೇಡ ಅಂದರು ನಮ್ಮ ಲೆಕ್ಕದವರು. ವಕೀಲರ ಹತ್ತಿರ ಹೋದೆ. ಮೊದಲು 12 ಜನ ಇದ್ದರಲ್ವಾ, ಕಾಯ್ದೆ ಒಮ್ಮೆ ಅನ್ವಯವಾದರೆ ಜನ ಕಡಿಮೆಯಾದರೂ ಬಿಡೋದಿಲ್ಲ ಅಂದರು. ಅದು ತಿಳಿಯಿತು.

ತೊಡಕು ಇರೋದು ಲೆಕ್ಕದಲ್ಲಿ. ಪೀಸ್ ಲೆಕ್ಕದವರಿಗೆ ಕೆಲಸ ಬಿಡುವ ಮುಂಚಿನ 3 ತಿಂಗಳ ಗಳಿಕೆಯ ಸರಾಸರಿ ತೆಗೆದು, ವರ್ಷಕ್ಕೆ 15 ದಿನದ ಕೂಲಿಯಂತೆ ಕೊಡಬೇಕಂತೆ. ಆದರೆ ಈ 3 ತಿಂಗಳು ನೂಲು ಬರಲಿಲ್ಲ, ಆರ್ಡರ್ ಇರಲಿಲ್ಲ. ಮಜೂರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ವಾರಗಟ್ಟಲೆ ಬರೀ ಗೀಟು. ಅದನ್ನೇ ಹಿಡಿದರೆ 11 ವರ್ಷದ ದುಡಿಮೆಗೆ ಅರ್ಧ ದುಡ್ಡೂ ಬರಲ್ಲ. ಇದು ಅನ್ಯಾಯ. ಜಾಸ್ತಿ ಕೊಡೋಕೆ ನಾನು ತಯಾರಿದ್ದೇನೆ, ಪಾಲುದಾರ ಅಣ್ಣ ಮಾತ್ರ ನಿಯಮ ತೋರಿಸು ಅಂತಾನೆ. 30 ದಿನದೊಳಗೆ ಕೊಡಬೇಕು ಬೇರೆ.

ಇಳಕಲ್, ಗುಳೇದಗುಡ್ಡ, ರಬಕವಿ ಕಡೆ ಮಗ್ಗ ಇರೋರು, ಕಾರ್ಮಿಕ ಕಾನೂನು ತಿಳಿದವರು ದಯವಿಟ್ಟು ಹೇಳಿ: ಮಗ್ಗ ನಿಂತ ದಿನಗಳನ್ನೂ ಸರಾಸರಿಗೆ ಸೇರಿಸಬೇಕಾ, ಇಲ್ಲ ಕೆಲಸ ಮಾಡಿದ ದಿನಗಳ ಮೇಲೆ ಮಾತ್ರ ಭಾಗಿಸಬೇಕಾ?